ಒಂದೇ ರಾತ್ರಿಯಾದರೆ ಟೋಕಿಯೊ ಬೇಡ, ನರಿತಾ ಸಾಕು

ಊರಿಗೆ ಹೋಗುವ ಟಿಕೆಟ್ ಹುಡುಕಲು ಕೂತಾಗ ನಿಮ್ಮ ಮನೆಯಲ್ಲೂ ಈ ಮಾತು ಬಂದೇ ಬಂದಿರುತ್ತದೆ: "ಹೇಗೂ ದಾರಿಯಲ್ಲಿ ವಿಮಾನ ಬದಲಿಸಬೇಕಲ್ಲ, ಅಲ್ಲೇ ಒಂದು ದಿನ ಇದ್ದು ಹೋದರೇನು?" ಕೇಳಲು ಚೆನ್ನಾಗಿರುತ್ತದೆ. ಸಿಂಗಪುರವೋ, ಹಾಂಗ್‌ಕಾಂಗೋ, ಸೋಲೋ, ಟೋಕಿಯೊವೋ ಎಂದು ಗಂಡ ಹೆಂಡತಿ ರಾತ್ರಿ ಹನ್ನೊಂದರವರೆಗೆ ಲ್ಯಾಪ್‌ಟಾಪ್ ಮುಂದೆ ಕೂರುತ್ತೀರಿ. ನಾವೂ ಕೂತಿದ್ದೆವು. ಮಾರನೆಯ ದಿನ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಮೈಸೂರಿನಿಂದ ಬಂದ ಉತ್ತರ ಇದು: "ಇಪ್ಪತ್ತೊಂದು ದಿನ ರಜ ಅಂದಿದ್ದೆ. ಅದರಲ್ಲೂ ಒಂದು ದಿನ ಕಳೀತೀಯಾ? ಜಪಾನಿನಲ್ಲಿ ನಮ್ಮೋರು ಯಾರಿದಾರೆ?"

ಅಮ್ಮ ಕೋಪದಿಂದ ಹೇಳಿದ್ದಲ್ಲ. ಆದರೂ ಆ ಮಾತು ಎದೆಗೆ ನಾಟಿತು. ಅಪ್ಪನಿಗೆ ಈಗ 78. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾವು ಬರುವ ದಿನದಿಂದ ಹೋಗುವ ದಿನದವರೆಗೆ ಅವರು ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿರುತ್ತಾರೆ. ದಾರಿಯಲ್ಲಿ ನೀವು ನಿಲ್ಲುವ ಪ್ರತಿಯೊಂದು ದಿನವೂ ಆ ಗೆರೆಯಿಂದಲೇ ಕಡಿಮೆಯಾಗುವುದು. ಆದ್ದರಿಂದ "ಯಾವ ಊರು ನೋಡಲು ಚೆನ್ನ" ಎಂಬ ಪ್ರಶ್ನೆಗಿಂತ ಮೊದಲು "ಈ ಒಂದು ದಿನ ಕಳೆದರೆ ಊರಿನಲ್ಲಿ ನಮಗೆ ಏನಾದರೂ ವಾಪಸು ಸಿಗುತ್ತದೆಯೇ" ಎಂದು ಕೇಳಿಕೊಳ್ಳಬೇಕು ಅನ್ನಿಸಿತು.

ಅದಕ್ಕೆ ಹಿಂದಿನ ವರ್ಷದ ಅನುಭವವೇ ಕಾರಣ. ಅಗ್ಗದ ಟಿಕೆಟ್ ಎಂದು ಒಂದು ವಿಮಾನ ನಿಲ್ದಾಣದಲ್ಲಿ ಒಂಬತ್ತು ಗಂಟೆ ಕಾಯುವ ಪ್ರಯಾಣ ಕೊಂಡೆವು. ಮಗನಿಗೆ ಆಗ ಎರಡು ವರ್ಷ. ಲೋಹದ ಕುರ್ಚಿಗಳ ಮೇಲೆ ಯಾರೂ ಮಲಗಲಿಲ್ಲ, ಎರಡನೆಯ ವಿಮಾನದಲ್ಲಿ ಅವನು ಮೂರು ಸಲ ವಾಂತಿ ಮಾಡಿದ. ಮನೆ ತಲುಪಿದ ಮೇಲೆ ಆರು ದಿನ ಮಕ್ಕಳಿಬ್ಬರೂ ಹಗಲು ನಿದ್ದೆ, ರಾತ್ರಿ ಅಳು. "ಮೊಮ್ಮಗಳು ಬಂದು ವಾರವಾಯ್ತು, ಇನ್ನೂ ನನ್ನ ಜೊತೆ ಕೂತು ಊಟ ಮಾಡಲಿಲ್ಲ" ಎಂದು ಅಪ್ಪ ನಗುತ್ತಲೇ ಹೇಳಿದರು. ಇಪ್ಪತ್ತೊಂದರಲ್ಲಿ ಆರು ಹಾಗೆ ಹೋಯಿತು. ಈ ಲೆಕ್ಕವನ್ನು ಅಮ್ಮನ ಮುಂದಿಟ್ಟಾಗ ಅವರು ಒಪ್ಪಿದರು ಅನ್ನಲಾರೆ, ಸುಮ್ಮನಾದರು.

ಈಗ ಊರಿನ ಆಯ್ಕೆಗೆ ಬರೋಣ. ಸಾನ್ ಫ್ರಾನ್ಸಿಸ್ಕೊ ಕಡೆಯಿಂದ ಹೊರಡುವವರಿಗೆ ಸಿಂಗಪುರ ಮೊದಲು ನೆನಪಾಗುವುದು ಸಹಜ. ಅಲ್ಲಿ ಊಟದ ಚಿಂತೆಯೇ ಇಲ್ಲ, ಸೆರಂಗೂನ್ ರಸ್ತೆಯಲ್ಲಿ ಬೆಳಗ್ಗೆ ಬಿಸಿ ಇಡ್ಲಿ ಸಿಗುತ್ತದೆ. ಭಾರತದ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇದ್ದರೆ ಕೆಲವು ಷರತ್ತುಗಳ ಮೇಲೆ 96 ಗಂಟೆ ವೀಸಾ ಇಲ್ಲದೆ ಇರುವ ಸೌಲಭ್ಯವೂ ಅಲ್ಲಿದೆ. ಅಜ್ಜಿ ತಾತನ ಜೊತೆ ಪ್ರಯಾಣ ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಗಂಟೆಗಳನ್ನು ನೋಡಿ. ಸಿಂಗಪುರದವರೆಗೆ ಒಂದೇ ಉಸಿರಿಗೆ ಹದಿನಾರು ಹದಿನೇಳು ಗಂಟೆ, ಆಮೇಲೆ ಬೆಂಗಳೂರಿಗೆ ನಾಲ್ಕೂವರೆ. ಕಷ್ಟವೆಲ್ಲ ಮೊದಲ ವಿಮಾನದಲ್ಲೇ ಮುಗಿದಿರುತ್ತದೆ, ನಿಲ್ಲುವುದರಿಂದ ಪ್ರಯಾಣ ಅರ್ಧವಾಗುವುದಿಲ್ಲ. ಟೋಕಿಯೊ ಹಾಗಲ್ಲ. ಅಲ್ಲಿಗೆ ಸುಮಾರು ಹನ್ನೊಂದು ಗಂಟೆ, ಅಲ್ಲಿಂದ ಬೆಂಗಳೂರಿಗೆ ಹತ್ತರ ಆಸುಪಾಸು. ತೆಂಗಿನಕಾಯಿ ಒಡೆದ ಹಾಗೆ ಸರಿಯಾಗಿ ಎರಡು ಹೋಳು. ಜಪಾನ್ ಏರ್‌ಲೈನ್ಸ್ ನರಿತಾದಿಂದ ಬೆಂಗಳೂರಿಗೆ ನೇರ ವಿಮಾನ ಬಿಡುವುದರಿಂದ ದೆಹಲಿ, ಮುಂಬೈಗಳಲ್ಲಿ ಮತ್ತೊಮ್ಮೆ ಇಳಿದು ಹತ್ತುವ ಗೋಜಿಲ್ಲ. ಎಲ್ಲೂ ನಿಲ್ಲದೆ ಹೋಗಿಬಿಡೋಣ ಅನ್ನುವವರೂ ಇದ್ದಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಹಾದು ಸಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರವಾಗಿ ಹಾರಿದಾಗ ನಾನೂ ಹೆಮ್ಮೆಪಟ್ಟಿದ್ದೆ. ಆದರೆ ಮೂರು ವರ್ಷದ ಹುಡುಗನನ್ನು ಅಷ್ಟು ಹೊತ್ತು ಸೀಟಿನಲ್ಲಿ ಹಿಡಿದಿಡುವ ಧೈರ್ಯ ನನಗಿಲ್ಲ.

ಇನ್ನೊಂದು ವಿಷಯವಿದೆ, ಇದು ನನ್ನ ಕಸುಬಿಗೆ ಹತ್ತಿರದ್ದು. ನಮ್ಮ ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ ಮಾತ್ರ ಸರಿಯಬಲ್ಲದು. ಬಹುಪಾಲು ಜನರಿಗೆ ಅದನ್ನು ಹಿಂದಕ್ಕೆ ತಳ್ಳುವುದು, ಅಂದರೆ ತಡವಾಗಿ ಮಲಗಿ ತಡವಾಗಿ ಏಳುವುದು, ಮುಂದಕ್ಕೆ ಎಳೆಯುವುದಕ್ಕಿಂತ ಸುಲಭ. ಪೆಸಿಫಿಕ್ ದಾಟಿ ಪಶ್ಚಿಮಕ್ಕೆ ಹೋದರೆ ಆಗುವುದು ಅದೇ. ಜೂನ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯಾಕ್ಕಿಂತ ಜಪಾನ್ 16 ಗಂಟೆ ಮುಂದಿರುತ್ತದೆ. ದೇಹದ ಲೆಕ್ಕದಲ್ಲಿ ಅದು 8 ಗಂಟೆ ಹಿಂದೆ ಸರಿದ ಹಾಗೆ. ಬೆಂಗಳೂರು ಅದಕ್ಕಿಂತ ಇನ್ನೂ ಮೂರೂವರೆ ಗಂಟೆ ಹಿಂದೆ. ಎರಡು ಮೆಟ್ಟಿಲೂ ಒಂದೇ ದಿಕ್ಕಿಗೆ. ಹಾಗಂತ ಒಂದು ರಾತ್ರಿ ನಿಂತರೆ ಜೆಟ್‌ಲ್ಯಾಗ್ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ರಾತ್ರಿಯಲ್ಲಿ ಸಿಗುವುದು ಹಾಸಿಗೆಯಲ್ಲಿ ಕಾಲು ಚಾಚಿ ಮಾಡಿದ ನಿದ್ದೆ, ಸ್ನಾನ, ಬೆಳಗಿನ ಬಿಸಿಲು. ಮಕ್ಕಳಿಗೆ ಅಷ್ಟಾದರೂ ಸಿಗಲಿ ಎಂಬುದೇ ನನ್ನ ಆಸೆಯಾಗಿತ್ತು.

ಸರಿ, ಜಪಾನ್ ಎಂದಾಯಿತು. ಆಮೇಲೆ ಮನೆಯಲ್ಲಿ ಎರಡನೆಯ ಜಗಳ. ನಮ್ಮವರಿಗೆ ಟೋಕಿಯೊ ನೋಡಬೇಕು: ಶಿಬುಯಾ, ಅಸಾಕುಸಾ, ಎತ್ತರದ ಗೋಪುರ. ನನಗೆ ನಕ್ಷೆ ನೋಡಿಯೇ ಸುಸ್ತಾಯಿತು. ದೇವನಹಳ್ಳಿ ದೂರ ಎಂದು ಗೊಣಗುವವರು ನಾವು. ನರಿತಾ ನಿಲ್ದಾಣ ಟೋಕಿಯೊದ ನಡುಭಾಗದಿಂದ ಸುಮಾರು 60 ಕಿಲೋಮೀಟರ್. ಮಧ್ಯಾಹ್ನ ಮೂರೂವರೆಗೆ ಇಳಿದು, ಇಮಿಗ್ರೇಷನ್ ಮುಗಿಸಿ, ರೈಲು ಹತ್ತಿ, ಬದಲಿಸಿ ಹೋಟೆಲ್ ತಲುಪುವಾಗ ರಾತ್ರಿ. ಮಕ್ಕಳ ದೇಹಕ್ಕೆ ಆಗ ಬೆಳಗಿನ ಜಾವ ಮೂರು ಗಂಟೆ. ಮಲಗಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಜನಜಂಗುಳಿಯ ಸ್ಟೇಷನ್ನಿನಲ್ಲಿ ದಾರಿ ಹುಡುಕುವ ಪ್ರವಾಸ ಯಾರಿಗೆ ಬೇಕು? ಎರಡು ಮೂರು ರಾತ್ರಿ ಇರುವವರು ಖಂಡಿತ ಟೋಕಿಯೊಗೆ ಹೋಗಿ. ನಿಶಿ ಕಸಾಯಿ ಎಂಬ ಬಡಾವಣೆಯಲ್ಲಿ ನಮ್ಮ ಸಾಫ್ಟ್‌ವೇರ್ ಜನ ಎಷ್ಟಿದ್ದಾರೆಂದರೆ ದೋಸೆಗೂ ಬೇಳೆಗೂ ಕೊರತೆಯಿಲ್ಲ. ಒಂದೇ ರಾತ್ರಿಯಾದರೆ, ಮಕ್ಕಳು ಎಂಟು ವರ್ಷದೊಳಗಿದ್ದರೆ, ವಿಮಾನ ನಿಲ್ದಾಣಕ್ಕೆ ಹೆಸರು ಕೊಟ್ಟ ನರಿತಾ ಎಂಬ ಪುಟ್ಟ ಊರಿನಲ್ಲೇ ಉಳಿಯಿರಿ. ಕೇಸೇ ರೈಲಿನಲ್ಲಿ ಹತ್ತು ನಿಮಿಷ. ಆರು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಇಲ್ಲ, ಹನ್ನೊಂದರವರೆಗೆ ಅರ್ಧ.

ನರಿತಾ ಅಂದಾಗ ಇದನ್ನೂ ಹೇಳಬೇಕು. ವಿಮಾನ ಇಳಿಯುವಾಗ ಕಿಟಕಿಯ ಪಕ್ಕ ಕೂತವರು ಗಮನಿಸಿ ನೋಡಿ, ನಿಲ್ದಾಣದ ಜಾಗದ ನಡುವೆ ಅಲ್ಲಲ್ಲಿ ಹೊಲದ ತುಂಡುಗಳು ಕಾಣುತ್ತವೆ. ಅರವತ್ತರ ದಶಕದಲ್ಲಿ ಸರ್ಕಾರ ಇಲ್ಲಿಯ ರೈತರ ಭೂಮಿ ಕೇಳಿದಾಗ ಅವರು ಬಿಡಲಿಲ್ಲ. ವಿದ್ಯಾರ್ಥಿಗಳು ಜೊತೆಗೂಡಿದರು, ವರ್ಷಗಟ್ಟಲೆ ಹೋರಾಟ ನಡೆಯಿತು, ಎರಡೂ ಕಡೆ ಸಾವುಗಳಾದವು. 1978ರ ಮಾರ್ಚ್ ಕೊನೆಯಲ್ಲಿ ಉದ್ಘಾಟನೆ ಎನ್ನುವಾಗ ಹೋರಾಟಗಾರರು ಕಂಟ್ರೋಲ್ ಟವರಿಗೇ ನುಗ್ಗಿ ಯಂತ್ರಗಳನ್ನು ಒಡೆದರು. ನಿಲ್ದಾಣ ತೆರೆದದ್ದು ಮೇ 20ಕ್ಕೆ. ಇಂದಿಗೂ ನಡುರಾತ್ರಿಯಿಂದ ಬೆಳಗ್ಗೆ ಆರರವರೆಗೆ ಇಲ್ಲಿ ವಿಮಾನಗಳ ಓಡಾಟವಿಲ್ಲ. ದೇವನಹಳ್ಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟ ಸುದ್ದಿ ಓದಿದಾಗ ನನಗೆ ನೆನಪಾದದ್ದು ಈ ಹೊಲಗಳು. ಮಗಳಿಗೆ ಕಥೆ ಹೇಳಿದೆ. "ಅವರಿಗೆ ಸೌಂಡ್ ಆಗಲ್ವಾ?" ಎಂದು ಕೇಳಿದಳು. ಆಗುತ್ತದೆ ಕಂದಾ, ತುಂಬಾ ಆಗುತ್ತದೆ.

ಹೊರಡುವ ಮುಂಚಿನ ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ನಮ್ಮಂಥ ಮನೆಗಳಲ್ಲಿ ಎರಡು ಬಣ್ಣದ ಪಾಸ್‌ಪೋರ್ಟ್ ಇರುತ್ತದೆ. ಅಮೆರಿಕದ ಪಾಸ್‌ಪೋರ್ಟಿನ ಮಕ್ಕಳಿಗೆ ಜಪಾನಿನ ಪ್ರವಾಸಕ್ಕೆ ವೀಸಾ ಬೇಡ, ಭಾರತದ ಪಾಸ್‌ಪೋರ್ಟಿನ ಅಪ್ಪ ಅಮ್ಮನಿಗೆ ಬೇಕು. ಅಮೆರಿಕ, ಕೆನಡಾ, ಬ್ರಿಟನ್ ಮುಂತಾದ ಕಡೆ ವಾಸವಿರುವವರು ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಆದರೆ ಆ ವೀಸಾವನ್ನು ನಿಲ್ದಾಣದಲ್ಲಿ ಇಂಟರ್ನೆಟ್ ಇರುವ ಫೋನಿನಲ್ಲೇ ತೆರೆದು ತೋರಿಸಬೇಕು, ಪ್ರಿಂಟ್ ಅಥವಾ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ನಿಮ್ಮ ಜೊತೆ ಅಜ್ಜಿ ಇದ್ದರೆ ಎಚ್ಚರ. ಅವರು ಅಮೆರಿಕದಲ್ಲಿ ವಾಸವಿರುವವರಲ್ಲ, ನೋಡಲು ಬಂದವರು. ಅವರ ಜಪಾನ್ ವೀಸಾ ಊರಿನಿಂದ ಹೊರಡುವ ಮೊದಲೇ ಆಗಬೇಕು. ನಿಲ್ದಾಣದಿಂದ ಹೊರಗೆ ಬಾರದೆ ಅದೇ ದಿನ ಮುಂದಿನ ವಿಮಾನ ಹತ್ತುವವರಿಗೆ ಈ ತಾಪತ್ರಯವಿಲ್ಲ. ಮತ್ತೆ, ಇಳಿಯುವುದು ಹಾನೆಡಾ, ಹೊರಡುವುದು ನರಿತಾ ಎಂಬ ಟಿಕೆಟ್‌ಗಳೂ ಇರುತ್ತವೆ. ಅಗ್ಗ ಎಂದು ಹಿಗ್ಗಬೇಡಿ, ಅವೆರಡರ ನಡುವೆ ಬಸ್ಸಿನಲ್ಲಿ ಒಂದು ಗಂಟೆಗೂ ಮಿಗಿಲಾದ ದಾರಿ. ನಿಯಮಗಳೆಲ್ಲ ಬದಲಾಗುತ್ತಿರುತ್ತವೆ, ಟಿಕೆಟ್ ಕೊಳ್ಳುವ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ನಾವು ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದ ಹೋಟೆಲಿನಲ್ಲಿ ಉಳಿದೆವು. ಕೋಣೆ ಎಷ್ಟು ಸಣ್ಣದೆಂದರೆ ಎರಡು ಸೂಟ್‌ಕೇಸ್ ತೆರೆದರೆ ನಡೆಯಲು ಜಾಗವಿಲ್ಲ. ದೊಡ್ಡ ಸಾಮಾನು ನೇರ ಬೆಂಗಳೂರಿಗೆ ಹೋಗುವ ಹಾಗೆ ಮಾಡಿ, ಒಂದು ರಾತ್ರಿಯ ಬಟ್ಟೆ ಮಾತ್ರ ಕೈಚೀಲದಲ್ಲಿ ಇಟ್ಟುಕೊಂಡಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಹೊಳೆಯಿತು. ಆರು ಗಂಟೆಗೆ ಮಕ್ಕಳಿಬ್ಬರೂ ಬಟ್ಟೆ ಸಹ ಬದಲಿಸದೆ ಮಲಗಿಬಿಟ್ಟರು. ಹಿಂದೆಯೇ ನಾವೂ.

ಎರಡೂವರೆಗೆ ಮಗ ಎದ್ದು ಕೂತು, "ಅಮ್ಮಾ, ಬೆಳಗಾಯ್ತು" ಅಂದ. ಬೆಳಗಾಗಿರಲಿಲ್ಲ, ಆದರೆ ಅವನ ಗಡಿಯಾರದಲ್ಲಿ ಹತ್ತೂವರೆ. ವಾದ ಮಾಡುವ ಹಾಗಿಲ್ಲ. ಹಸಿವು ಬೇರೆ.

ಇಲ್ಲಿ ಊಟದ ಮಾತು. ನೀವು ಸಸ್ಯಾಹಾರಿಗಳಾಗಿದ್ದರೆ ಜಪಾನಿನಲ್ಲಿ ಕಣ್ಣಿಗೆ ಕಾಣುವ ಮಾಂಸಕ್ಕಿಂತ ಕಾಣದ ಮೀನಿನದೇ ತೊಂದರೆ. ಮಿಸೊ ಸಾರು, ಸೋಬಾ, ಬೇಯಿಸಿದ ತರಕಾರಿ, ಎಲ್ಲದಕ್ಕೂ ಬುಡದಲ್ಲಿ ದಾಶಿ ಎಂಬ ತಿಳಿ ಇರುತ್ತದೆ, ಸಾಮಾನ್ಯವಾಗಿ ಅದನ್ನು ಒಣಮೀನಿನ ಚೂರಿನಿಂದ ತೆಗೆಯುತ್ತಾರೆ. "ಮಾಂಸ ಬೇಡ" ಎಂದರೆ ಮೀನು ಹಾಕಿ ಕೊಡುತ್ತಾರೆ, ಅವರ ತಪ್ಪಲ್ಲ. ಪೊಟ್ಟಣದ ತಿಂಡಿಗಳ ಮೇಲೆ ಮೊಟ್ಟೆ, ಹಾಲು, ಗೋಧಿ, ಶೇಂಗಾ ಮುಂತಾದ ಅಲರ್ಜಿಯ ವಸ್ತುಗಳನ್ನು ನಮೂದಿಸಲೇಬೇಕೆಂಬ ಕಾನೂನಿದೆ, ಫೋನಿನ ಕ್ಯಾಮೆರಾ ಹಿಡಿದರೆ ಅನುವಾದವಾಗುತ್ತದೆ. ಮಕ್ಕಳಿಗೆ ಅಲರ್ಜಿ ಇರುವವರಿಗೆ ಇದು ದೊಡ್ಡ ಅನುಕೂಲ. ಮೀನು ಮಾತ್ರ ಆ ಕಡ್ಡಾಯದ ಪಟ್ಟಿಯಲ್ಲಿಲ್ಲ. ನಾನು ಮನೆಯಿಂದ ಒಗ್ಗರಣೆ ಹಾಕಿದ ಅವಲಕ್ಕಿ ಪುಡಿ, ಚಟ್ನಿಪುಡಿ, ಚಪಾತಿ ತಂದಿದ್ದೆ. ಹಣ್ಣು, ತರಕಾರಿ, ಹಸಿ ಕರಿಬೇವು ತರಬೇಡಿ, ಕಸ್ಟಮ್ಸ್‌ನಲ್ಲಿ ಬಿಡುವುದಿಲ್ಲ.

ಮೂರು ಗಂಟೆಗೆ ನಾಲ್ವರೂ ಮೂಲೆಯ ಕೊಂಬಿನಿಗೆ ಹೋದೆವು. ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಸಣ್ಣ ಅಂಗಡಿ ಅದು. ಬಾಳೆಹಣ್ಣು, ಹಾಲು, ಮೊಸರು, ಬೇಯಿಸಿದ ಸೋಯಾ ಕಾಯಿ. ನೂಡಲ್ಸ್ ಕೊಳ್ಳುವವರಿಗೆಂದು ಇಟ್ಟ ಬಿಸಿನೀರಿನಲ್ಲಿ, ಅಂಗಡಿಯವರನ್ನು ಕೇಳಿಯೇ, ಅವಲಕ್ಕಿ ನೆನೆಸಿದೆ. ಉಮೆಬೋಶಿ ಇಟ್ಟ ಅನ್ನದ ಉಂಡೆ ಸಿಗುತ್ತದೆ. ಉಮೆಬೋಶಿ ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹುಳಿ ಕಾಯಿ. ಮಗಳು ಒಂದು ಕಚ್ಚಿ, "ಅಜ್ಜಿ ಮನೆ ಮಿಡಿ ಉಪ್ಪಿನಕಾಯಿ!" ಎಂದು ಕೂಗಿದಳು. ಹೌದು, ಅನ್ನ ಉಪ್ಪಿನಕಾಯಿಯೇ. ಅಂಗಡಿಯ ಹುಡುಗ ನಮ್ಮನ್ನು ನೋಡಿ ನಕ್ಕ, ಆ ಹೊತ್ತಿನಲ್ಲಿ ಬರುವ ವಿಮಾನದ ಜನ ಅವನಿಗೆ ಹೊಸಬರಲ್ಲ.

ಜೂನ್ ತಿಂಗಳಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಸೂರ್ಯೋದಯ. ಮಳೆಗಾಲ, ಆದರೆ ನಮ್ಮ ಮುಂಗಾರಿನ ಹಾಗೆ ಸುರಿಯುವುದಿಲ್ಲ, ಜಿಟಿಜಿಟಿ. ನಾವು ಹೊರಟಾಗ ಮಳೆ ನಿಂತು ದಾರಿ ಒದ್ದೆಯಾಗಿ ಹೊಳೆಯುತ್ತಿತ್ತು. ಸ್ಟೇಷನ್ನಿನಿಂದ ದೇವಸ್ಥಾನದವರೆಗೆ ಸುಮಾರು 800 ಮೀಟರಿನ ಒಂದು ಹಳೆಯ ಬೀದಿ ಬಳುಕುತ್ತಾ ಇಳಿಯುತ್ತದೆ, ಮರದ ಅಂಗಡಿಗಳು, ಬಾಗಿದ ಮಾಡು. ಹಗಲಿನಲ್ಲಿ ಇಲ್ಲಿ ಹಾವುಮೀನು ಸುಡುವ ಹೋಟೆಲುಗಳದೇ ಭರಾಟೆ, ಕೆಲವು ಕಡೆ ಬೀದಿಗೆ ಕಾಣುವಂತೆಯೇ ಸೀಳುತ್ತಾರೆ. ಮೃದು ಮನಸ್ಸಿನ ಮಕ್ಕಳಿದ್ದರೆ ಬೆಳಗ್ಗೆಯೇ ಹೋಗಿ ಬನ್ನಿ.

ನರಿತಾಸಾನ್ ಶಿನ್‌ಶೋಜಿ ದೇವಸ್ಥಾನ ಆದದ್ದು 940ರಲ್ಲಿ. ಶಿಂಗೋನ್ ಎಂಬ ಬೌದ್ಧ ಪಂಥದ್ದು. ಮುಖ್ಯ ದೇವರು ಫುದೋ ಮ್ಯೋಓ. ಫುದೋ ಎಂದರೆ ಅಲುಗಾಡದವನು. ಸಂಸ್ಕೃತದಲ್ಲಿ ಅವನ ಹೆಸರೇ ಅಚಲ. ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಪಾಶ, ಬೆನ್ನ ಹಿಂದೆ ಜ್ವಾಲೆ, ಮುಖದಲ್ಲಿ ಉಗ್ರ ಕೋಪ. ಇಲ್ಲಿ ದಿನವೂ ಹಲವು ಬಾರಿ ನಡೆಯುವ ಮುಖ್ಯ ಪೂಜೆಯ ಹೆಸರು ಗೋಮಾ. ನಮ್ಮ 'ಹೋಮ'ವೇ ಚೀನಾ ದಾರಿಯಾಗಿ ಹೋಗಿ ಆ ನಾಲಿಗೆಯಲ್ಲಿ ಗೋಮಾ ಆಗಿದೆ. ಒಂಬತ್ತನೆಯ ಶತಮಾನದ ಆರಂಭದಲ್ಲಿ ಕೂಕಾಯಿ ಎಂಬ ಸನ್ಯಾಸಿ ಚೀನಾದಲ್ಲಿ ಕಲಿತು ಜಪಾನಿಗೆ ಈ ಪದ್ಧತಿಯನ್ನು ತಂದ. ಪುಸ್ತಕದಲ್ಲಿ ಓದಿ ನನಗೆ ಇಷ್ಟು ಗೊತ್ತಿತ್ತು.

ದಿನದ ಮೊದಲ ಗೋಮಾ ಮುಂಜಾನೆಯೇ ಇರುತ್ತದೆ, ಸಮಯ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹೋಟೆಲಿನಲ್ಲಿ ವಿಚಾರಿಸಿ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಚಾಪೆಯ ಮೇಲೆ ಕೂತೆವು. ಇಪ್ಪತ್ತು ಮೂವತ್ತು ಜನರಿದ್ದರು, ಹೆಚ್ಚಿನವರು ವಯಸ್ಸಾದವರು. ಇದ್ದಕ್ಕಿದ್ದ ಹಾಗೆ ದೊಡ್ಡ ನಗಾರಿ ಬಾರಿಸಿದರು. ಎದೆಯೊಳಗೆ ಹೊಡೆದ ಹಾಗಾಯಿತು. ಮಗ ನನ್ನ ಕುತ್ತಿಗೆಗೆ ಜೋತುಬಿದ್ದ, ಎದ್ದು ಹೋಗೋಣವೇ ಎಂದುಕೊಳ್ಳುವಷ್ಟರಲ್ಲಿ ಬೆಂಕಿ ಎದ್ದಿತು. ಅವನು ತಲೆ ಎತ್ತಿ ನೋಡುತ್ತಾ ಕೂತ. ಪುರೋಹಿತರು ಸಮಿತ್ತು ಹಾಕುತ್ತಾ ಹೋದರು, ಮಂತ್ರ ಎಲ್ಲರ ಬಾಯಲ್ಲೂ. ಸಂಸ್ಕೃತವಂತೆ, ನನಗೆ ಹಿಡಿಯಲು ಸಿಕ್ಕಿದ್ದು 'ವಜ್ರ' ಎಂಬುದು 'ಬಜರ' ಆದದ್ದೊಂದೇ. ಕೊನೆಯಲ್ಲಿ ಜನ ಸಾಲಾಗಿ ಹೋಗಿ ತಮ್ಮ ಚೀಲಗಳನ್ನು ಕೊಟ್ಟರು. ಒಬ್ಬರು ಅವನ್ನು ಬೆಂಕಿಯ ಬಳಿ ಹಿಡಿದು ವಾಪಸು ಕೊಡುತ್ತಿದ್ದರು. ಪಕ್ಕದ ಅಜ್ಜಿ ನನ್ನ ಚೀಲವನ್ನು ತೋರಿಸಿ, ಕೊಡು ಕೊಡು ಎಂದು ಕೈಸನ್ನೆ ಮಾಡಿದರು. ಅದರಲ್ಲಿ ನಾಲ್ಕು ಪಾಸ್‌ಪೋರ್ಟ್ ಇದ್ದವು. ಒಂದು ಕ್ಷಣ ಹಿಂಜರಿದೆ, ಪ್ರಯೋಗಾಲಯದಲ್ಲಿ ಬೆಂಕಿಯ ಹತ್ತಿರ ಕಾಗದ ತರಬೇಡಿ ಎಂದು ಹುಡುಗರಿಗೆ ಬೈಯುವವಳು ನಾನು. ಕೊಟ್ಟೆ. ಚೀಲ ವಾಪಸು ಬಂದಾಗ ಸ್ವಲ್ಪ ಬೆಚ್ಚಗಿತ್ತು.

ಡಿಸೆಂಬರ್ ರಜದಲ್ಲಿ ಹೋಗುವವರಿಗೆ ಒಂದು ಮಾತು: ಹೊಸ ವರ್ಷದ ಮೊದಲ ಮೂರು ದಿನ ಈ ದೇವಸ್ಥಾನಕ್ಕೆ ಸುಮಾರು 30 ಲಕ್ಷ ಜನ ಬರುತ್ತಾರೆ. ಆಗ ಮಕ್ಕಳನ್ನು ಕಟ್ಟಿಕೊಂಡು ಅತ್ತ ಸುಳಿಯಬೇಡಿ. ಉಳಿದ ದಿನಗಳಲ್ಲಿ ಹಿಂದಿನ ಉದ್ಯಾನವೇ ಮಕ್ಕಳಿಗೆ ಅರ್ಧ ದಿನಕ್ಕೆ ಸಾಕು. ಕೊಳದಲ್ಲಿ ಮೀನು, ಆಮೆ, ಓಡಲು ಬೇಕಾದಷ್ಟು ಜಾಗ. ನಮ್ಮವರ ಮಕ್ಕಳೂ ಮಕ್ಕಳ ಅಪ್ಪನೂ ಒಂಬತ್ತರವರೆಗೆ ಓಡಿದರು, ಶಿಬುಯಾದ ಮಾತು ಮತ್ತೆ ಬರಲಿಲ್ಲ.

ಒಂಬತ್ತೂವರೆಗೆ ಮೈಸೂರಿನಲ್ಲಿ ಆರು ಗಂಟೆ. ಕೊಳದ ಕಟ್ಟೆಯ ಮೇಲೆ ಕೂತು ಅಮ್ಮನಿಗೆ ವಿಡಿಯೊ ಕರೆ ಮಾಡಿದೆವು. ಮಗಳು ಫೋನ್ ಕಿತ್ತುಕೊಂಡು ಕತ್ತಿ, ಹಗ್ಗ, ಬೆಂಕಿ, ನಗಾರಿ ಎಲ್ಲ ಒಂದೇ ಉಸಿರಿಗೆ ಹೇಳಿದಳು.

"ಜಪಾನಿನಲ್ಲೂ ಹೋಮಾನಾ?" ಎಂದರು ಅಮ್ಮ. "ಕತ್ತಿ, ಬೆಂಕಿ, ಕೋಪ ಅಂದ್ರೆ ನಮ್ಮ ವೀರಭದ್ರನೇ ಇರಬೇಕು ಬಿಡು. ಮಗು ತಿಂಡಿ ತಿಂತಾ?"

ಅಂದು ಸಂಜೆಯ ವಿಮಾನದಲ್ಲಿ ಇಬ್ಬರೂ ಮಲಗಿದರು. ಬೆಂಗಳೂರಿನಲ್ಲಿ ಇಳಿದಾಗ ನಡುರಾತ್ರಿ ದಾಟಿತ್ತು, ಮೈಸೂರು ತಲುಪುವಾಗ ಬೆಳಗಿನ ಜಾವ. ಯಾರಿಗೂ ವಾಂತಿಯಿಲ್ಲ, ಜ್ವರವಿಲ್ಲ. ಜೆಟ್‌ಲ್ಯಾಗ್ ಇತ್ತು, ಮೊದಲ ರಾತ್ರಿ ಒಂದೂವರೆಗೆ ಎದ್ದರು, ಮೂರನೆಯ ರಾತ್ರಿಯ ಹೊತ್ತಿಗೆ ಅದು ನಾಲ್ಕಾಗಿತ್ತು. ಒಂದೇ ಸಲದ ಪ್ರಯೋಗದಿಂದ, ಅದೂ ಮಗನಿಗೆ ಒಂದು ವರ್ಷ ಹೆಚ್ಚಾಗಿರುವಾಗ, ಇದು ನರಿತಾದ ಮಹಿಮೆ ಎಂದು ಬರೆದು ಕಳಿಸಿದರೆ ಯಾವ ಜರ್ನಲ್ಲೂ ಪ್ರಕಟಿಸುವುದಿಲ್ಲ. ನಾನೂ ಹೇಳುವುದಿಲ್ಲ.

ಆದರೆ ಆ ನಾಲ್ಕು ಗಂಟೆಗೆ ಮನೆಯಲ್ಲಿ ಇನ್ನೊಬ್ಬರು ಎದ್ದಿರುತ್ತಾರೆ. ಅಪ್ಪನಿಗೆ ಎಷ್ಟೋ ವರ್ಷದಿಂದ ನಾಲ್ಕರ ಮೇಲೆ ನಿದ್ದೆಯಿಲ್ಲ. ನಾನು ಕಣ್ಣು ಬಿಟ್ಟಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಮಗಳು ಕಟ್ಟೆಯ ಮೇಲೆ ಕೂತು ಕಾಲು ಆಡಿಸುತ್ತಿದ್ದಳು, ಮಗ ಅಪ್ಪನ ಪಂಚೆ ಹಿಡಿದು ನಿಂತಿದ್ದ, ಅಪ್ಪ ಹಾಲು ಉಕ್ಕದ ಹಾಗೆ ಸೌಟು ಆಡಿಸುತ್ತಾ ಕೇಳುತ್ತಿದ್ದರು: "ಆಮೇಲೆ? ಆ ನಗಾರಿ ಎಷ್ಟು ದೊಡ್ಡದಿತ್ತು?"